ಜಲಸಂಧಿಯ ಬಾಜಿ

ಸುಗಂಧಿಯ ಗಂಡ ಎಂಜಿನಿಯರಾಗಿದ್ದ ತೈಲದ ಹಡಗು ಜಲಸಂಧಿಯ ಬಾಯಲ್ಲಿ ಲಂಗರು ಹಾಕಿ ನಿಂತಿತ್ತು. ಸುಂಕ ಕಟ್ಟದೆ ದಾಟುವ ಹಡಗಿಗೆ ಗುಂಡು ಹಾರಿಸುತ್ತೇವೆಂದು ಆ ದಡದ ದೇಶ ಸಾರಿತ್ತು. ಗುಂಡು ಹಾರುತ್ತದೋ ಇಲ್ಲವೋ ಎಂದು ಜಾಲತಾಣವೊಂದರಲ್ಲಿ ಜನ ಬಾಜಿ ಕಟ್ಟುತ್ತಿದ್ದರು. ಎರಡೂ ಕಡೆ ಬಿದ್ದ ಹಣದ ಲೆಕ್ಕದಲ್ಲಿ, ಹಾರುವ ಸಾಧ್ಯತೆ ಶೇಕಡಾ ಎಪ್ಪತ್ತು ಎಂದು ಅದು ತೋರಿಸುತ್ತಿತ್ತು. ಸುಗಂಧಿ ಊಟ ಬಿಟ್ಟು ಆ ಅಂಕಿಯನ್ನೇ ನೋಡುತ್ತ ಕೂತಿದ್ದಳು.

ತಮ್ಮ ದಿನಕರನಿಗೆ ಅವಳ ಸಂಕಟ ನೋಡಲಾಗಲಿಲ್ಲ. ಅಲ್ಲಿ ಬಾಜಿ ಕಟ್ಟುವವರು ಕೆಲವೇ ಮಂದಿ. ಮನೆ ಕಟ್ಟಲೆಂದು ಕೂಡಿಟ್ಟದ್ದನ್ನೆಲ್ಲ ಅವನು ಗುಟ್ಟಾಗಿ 'ಹಾರುವುದಿಲ್ಲ' ಎಂಬುದರ ಮೇಲೆ ಹಾಕಿದ. ಅಂಕಿ ಸರ್ರನೆ ಇಪ್ಪತ್ತಕ್ಕೆ ಇಳಿಯಿತು.

"ನೋಡು, ಅಪಾಯ ಕಡಿಮೆ ಆಗಿದೆ. ಈಗಾದ್ರೂ ಒಂಚೂರು ಊಟ ಮಾಡು ಅಕ್ಕ."

ಅವಳು ಕಣ್ಣೊರೆಸಿಕೊಂಡು ತಟ್ಟೆಯ ಮುಂದೆ ಕೂತಳು. ಅವಳು ಉಣ್ಣುತ್ತಿದ್ದಾಗಲೇ ದಿನಕರನಿಗೆ ಭಾವನ ಫೋನ್ ಬಂತು.

"ನಾವು ಹೊರಟಾಯ್ತು ಮಾರಾಯ."

"ಸುಂಕ ಕಟ್ಟಿದ್ರಾ ಭಾವ?"

"ಇಲ್ಲ. ಮಾಲೀಕರು ಕಟ್ಟುವುದಕ್ಕೇ ಇದ್ರು. ಆ ಬಾಜಿಯ ಅಂಕಿ ಇಳಿದದ್ದು ನೋಡಿ, ಇನ್ನು ಕಟ್ಟುವುದು ಬೇಡ, ಹಾಗೆಯೇ ದಾಟಿ ಅಂದ್ರು."