ಬೋಣಿಯಾಗದ ಬೆಳಗು

"ಸ್ವಲ್ಪ ತಡಿ ದುರುಗಕ್ಕ. ಬೋಣಿ ಆಗ್ಲಿ, ಆಮೇಲೆ ಕೊಡ್ತೀನಿ" ಎಂದು ಬಟ್ಟೆ ಅಂಗಡಿಯ ವಿರೂಪಾಕ್ಷಪ್ಪ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿದ. ದುರುಗಕ್ಕ ಮೆಟ್ಟಿಲ ಕೆಳಗೇ ನಿಂತಳು. ದಿನದ ಮೊದಲ ವ್ಯಾಪಾರ ಹೆಣದ ಬಟ್ಟೆಯದಾಗಬಾರದು ಅನ್ನುವುದು ಅವಳಿಗೇನು ಹೊಸ ಸುದ್ದಿಯೇ? ಆದರೆ ಅವಳ ಮಗ ಸಣ್ಣಪ್ಪ ಬೆಳಗಿನ ಜಾವ ವಾಂತಿಭೇದಿಯಿಂದ ತೀರಿಕೊಂಡಿದ್ದ. ಕಾಲರಾ ಹೆಣ, ಬಿಸಿಲೇರುವುದರೊಳಗೆ ಮಣ್ಣು ಮಾಡಬೇಕು, ತಡವಾದರೆ ಮಲಗಿದ ಚಾಪೆಯಲ್ಲೇ ಸುತ್ತಿ ಇಳಿಸುತ್ತೇವೆ ಎಂದು ಕಾಲರಾ ಸೂಜಿ ಹಾಕಲು ಬಂದ ಆಸ್ಪತ್ರೆಯವರು ಗುಂಡಿ ತೋಡಿಸಿಕೊಂಡು ಕಾಯುತ್ತಿದ್ದರು. ಮಗನನ್ನು ಚಾಪೆಯಲ್ಲಿ ಸುತ್ತಿ ಕಳಿಸಬಾರದು ಎಂದು ಅವಳು ಓಡಿ ಬಂದಿದ್ದಳು.

ಎಮರ್ಜೆನ್ಸಿ ಮುಗಿದ ಮರುವರ್ಷದ ಬೇಸಿಗೆ. ಕಾಲರಾ ಹಬ್ಬುತ್ತಿದೆಯೆಂದು, ದಿನಸಿ, ಔಷಧಿ ಬಿಟ್ಟು ಉಳಿದ ಅಂಗಡಿಯೆಲ್ಲ ಮುಚ್ಚಬೇಕೆಂದು ನ್ಯಾಮತಿಯಲ್ಲಿ ಡಂಗುರ ಸಾರಿಸಿದ್ದರು. ಬಳೆ ಅಂಗಡಿಗೆ ಬೀಗ, ಪಾತ್ರೆ ಅಂಗಡಿಗೆ ಬೀಗ, ಟೀ ಹೋಟೆಲಿನ ಒಲೆಗೆ ನೀರು. ವಿರೂಪಾಕ್ಷಪ್ಪ ಮಾತ್ರ ಕೈಕಟ್ಟಿ ಕೂರುವ ಆಸಾಮಿಯಲ್ಲ. ಹೊನ್ನಾಳಿಯಿಂದ ಬಂದಿದ್ದ ಅಧಿಕಾರಿಯ ಮುಂದೆ ಕೈಮುಗಿದು, "ಉಣ್ಣೋರಿಗೆ ಅಂಗಡಿ ಬಿಟ್ರಿ, ಸರಿ ಸಾಹೇಬ್ರೆ. ಸತ್ತೋರಿಗೆ ಯಾರ್ ಅದಾರೆ? ಮೇಲೊಂದು ಬಟ್ಟೆ ಇಲ್ದೆ ಹೆಣ ಎತ್ತಾಕೆ ಆಗ್ತೈತಾ?" ಎಂದಿದ್ದ. ಅಧಿಕಾರಿ ಆಗಲಿ ಎಂದು ತಲೆಯಾಡಿಸಿ ಹೋಗಿದ್ದ. ಹಾಗೆ ಸತ್ತವರ ಹೆಸರು ಹೇಳಿ ತೆಗೆಸಿದ ಬಾಗಿಲ ಹಿಂದೆ ನಡೆದದ್ದೆಲ್ಲ ಮದುವೆ ಜವಳಿಯ ವ್ಯಾಪಾರ. ಲಗ್ನದ ದಿನಗಳು ನೋಡಿ, ಸೀರೆ ಪಂಚೆಗೆ ಊರಿಗೆಲ್ಲ ಇವನದೊಂದೇ ಅಂಗಡಿ. ಈ ಬೆಳಿಗ್ಗೆಯೂ ಸವಳಂಗದ ಮದುವೆ ಮನೆಯವರು ಬರುತ್ತೇವೆಂದು ಹೇಳಿ ಕಳಿಸಿದ್ದರು. ಹೆಣದ ಬಟ್ಟೆ ಕೇಳಿಕೊಂಡು ಬಂದವಳು ದುರುಗಕ್ಕನೇ ಮೊದಲು.

ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಿಸಿಲು ಮೆಟ್ಟಿಲು ಹತ್ತತೊಡಗಿತು.

"ಸಾವ್ಕಾರ್ರೆ, ಹೊತ್ತಾತು" ಎಂದಳು ದುರುಗಕ್ಕ.

"ನಾನೇನ್ ಇಲ್ಲ ಅಂದ್ನೇನವ್ವ? ಸವಳಂಗದ ಬಸ್ಸು ಬರ್ಲಿ. ಅವರು ಒಂದು ಟವೆಲ್ ತಗೊಂಡ್ರೂ ಸಾಕು, ಆ ಗಳಿಗೇಲೆ ನಿಂಗೆ ಹರಿದು ಕೊಡ್ತೀನಿ."

ಅವನೇನು ಕಟುಕನಲ್ಲ. ಪಾಪ ಅನ್ನಿಸುತ್ತಲೇ ಇತ್ತು. ಆದರೆ ಅಪ್ಪ ಹಾಕಿಕೊಟ್ಟ ಪದ್ಧತಿ, ಅದರಲ್ಲೂ ಊರಿಗೆ ಊರೇ ನರಳುತ್ತಿರುವಾಗ ಮುರಿಯಲು ಧೈರ್ಯ ಸಾಲದು. ಅಷ್ಟರಲ್ಲಿ ಬಸ್ಸು ಬಂತು. ಅಂಗಡಿಯ ಮುಂದೆಯೇ ನಿಂತಿತು. ಒಬ್ಬರೂ ಇಳಿಯಲಿಲ್ಲ. ಕಂಡಕ್ಟರು ಕಿಟಕಿಯಿಂದಲೇ ತಲೆ ಹೊರಗೆ ಹಾಕಿ, "ಅವರ ಊರಾಗೂ ಎರಡು ಹೋದ್ವಂತೆ ಸಾವ್ಕಾರ್ರೆ, ಮದುವಿ ಮುಂದಕ್ಕೆ ಹಾಕ್ಯಾರೆ" ಎಂದು ಸೀಟಿ ಊದಿದ.

ಬಸ್ಸಿನ ಧೂಳು ಅಡಗಿತು. ಆಮೇಲೆ ದುರುಗಕ್ಕ ಸೆರಗಿನ ಗಂಟು ಬಿಚ್ಚುತ್ತಾ ಕೇಳಿದಳು.

"ನಿಮ್ ಅಂಗಡ್ಯಾಗೆ ಎಲ್ಲಕ್ಕಿಂತ ಕಮ್ಮೀದು ಏನೈತ್ರಿ?"

"ಯಾಕೆ? ಕುಪ್ಪಸದ ಕಣ ಐತೆ."

"ಹಂಗಾರೆ ಅದೊಂದು ಕೊಡ್ರಿ ಮೊದ್ಲು. ನನ್ ಕೈಲೇ ಬೋಣಿ ಆಗ್ಲಿ."

ವಿರೂಪಾಕ್ಷಪ್ಪನಿಗೆ ಹೋದ ಜೀವ ಬಂದಂತಾಯಿತು. ಇದು ತನಗೇ ಹೊಳೆಯಲಿಲ್ಲವಲ್ಲ ಎಂದುಕೊಂಡ. ಗಿರಾಕಿ ಕಣ ಕೇಳಿದರೆ ಹೇಗೋ ಹಾಗೆ ನಾಲ್ಕಾರು ತೆಗೆದು ಹರಡಿ, "ಈ ಹಸಿರು ನೋಡು, ಗಟ್ಟಿ ಬಣ್ಣ. ಎಷ್ಟು ಒಗೆದ್ರೂ ಹೋಗಾಕಿಲ್ಲ" ಎಂದುಬಿಟ್ಟ.

"ಹಸಿರು ಬ್ಯಾಡ್ರಿ" ಎಂದಳು ದುರುಗಕ್ಕ. "ಸೊಸಿ ಕಂಡ್ರೆ ಎದಿ ಎದಿ ಬಡ್ಕಂತಾಳೆ. ಇವತ್ತು ಅವಳ ಬಳೆ ಒಡೀತಾರೆ."

ಹರಡಿದ ಕಣಗಳ ಮೇಲೆ ಅವನ ಕೈ ಹಾಗೇ ನಿಂತಿತು. ನಾಲಿಗೆ ಕಚ್ಚಿಕೊಂಡ. ತಲೆ ಎತ್ತದೆ ಒಂದು ಮಾಸಲು ಬಣ್ಣದ್ದನ್ನು ಮಡಿಸಿ ಕೊಟ್ಟು, ಅವಳಿಟ್ಟ ದುಡ್ಡನ್ನು ಕಣ್ಣಿಗೆ ಒತ್ತಿಕೊಂಡು ಪೆಟ್ಟಿಗೆಗೆ ಹಾಕಿದ. ಒತ್ತಿಕೊಂಡಿದ್ದು ಅವನಿಗೆ ಗೊತ್ತಾಗಿದ್ದು ಆಮೇಲೆ. ಬಿಳಿ ಬಟ್ಟೆಯ ಥಾನು ಬಿಚ್ಚಿದಾಗ ದುರುಗಕ್ಕ ಮಿಕ್ಕ ಚಿಲ್ಲರೆಯನ್ನೆಲ್ಲ ಮೆಟ್ಟಿಲ ಮೇಲೆ ಸುರಿದಳು.

"ಇದ್ರಾಗೆ ಎಷ್ಟು ಬರ್ತೈತೋ ಅಷ್ಟೇ ಹರೀರಿ. ಮನಿಂದ ತರುವಾಗ ಪೂರಾ ಬಟ್ಟಿಗೆ ಆಗೋ ಹಂಗೇ ತಂದಿದ್ದೆ, ಕಣಕ್ಕೆ ಹೋತು. ಕಾಲು ಕಂಡ್ರೆ ಕಾಣ್ಲಿ, ಮಾರಿ ಮುಚ್ಚಿದ್ರೆ ಸಾಕು."

ವಿರೂಪಾಕ್ಷಪ್ಪ ನಾಚಿಕೆಯಿಂದ ಹಿಡಿಯಷ್ಟಾದ. ಸಣ್ಣಪ್ಪ ಎತ್ತರದ ಆಳು. ಸಂತೆಯ ದಿನ ಇದೇ ಅಂಗಡಿಗೆ ಮೂಟೆ ಇಳಿಸಲು ಬಂದರೆ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬರುತ್ತಿದ್ದ. ಅವನ ಕಾಲು ಹೊರಗೆ ಬಿದ್ದಿರುವುದು ಕಣ್ಣಿಗೆ ಕಟ್ಟಿದಂತಾಯಿತು. ತಾನು ಎಂಥ ಮನುಷ್ಯ ಅನ್ನಿಸಿತು. ಅಳತೆಗೋಲು ಮುಟ್ಟದೆ ಥಾನನ್ನು ಉದ್ದಕ್ಕೆ ಎಳೆದು ಪರ್‍ರನೆ ಹರಿದ. ಪೆಟ್ಟಿಗೆ ತೆಗೆದು ಕಣದ ದುಡ್ಡನ್ನು ಹುಡುಕಿ ತೆಗೆದ. ಎಂದೂ ಗಿರಾಕಿಗಾಗಿ ಗಾದಿಯಿಂದ ಏಳದವನು ಮೆಟ್ಟಿಲಿಳಿದು ಹೋಗಿ ಬಟ್ಟೆಯನ್ನೂ ದುಡ್ಡನ್ನೂ ಅವಳ ಕೈಗೆ ತುರುಕಿದ.

"ತಗೊಳವ್ವ. ಆ ಕಣದ ವ್ಯಾಪಾರ ವ್ಯಾಪಾರಲ್ಲ. ನಂದು ತಪ್ಪಾತು."

ಬಟ್ಟೆಯನ್ನು ಎದೆಗೆ ಅವಚಿಕೊಂಡ ದುರುಗಕ್ಕ ದುಡ್ಡು ಕಂಡು ಕೈ ಹಿಂದಕ್ಕೆಳೆದುಕೊಂಡಳು.

"ಒಳಗೆ ಇಟ್ಕೊಳ್ರಿ ಸಾವ್ಕಾರ್ರೆ" ಎಂದಳು. "ಬೋಣಿ ದುಡ್ಡು ತಿರುಗಿ ಕೊಡಬಾರ್ದು. ಮಕ್ಕಳೊಂದಿಗರು ನೀವು, ಒಳ್ಳೇದಾಗಾಕಿಲ್ಲ."