ಶಿವರುದ್ರಮ್ಮನ ಬೆಲ್ಟು

"ಬುಡುಸ್ಲಾ ಗುರು, ನನ್ನ ಕಟ್ಟಾಕ್ಬುಟ್ಟವ್ನೆ," ಎಂದು ಶಿವರುದ್ರಮ್ಮ ಕಾರಿನ ಮುಂದಿನ ಸೀಟಿನಲ್ಲಿ ಒದ್ದಾಡತೊಡಗಿದಾಗ, ಆ ಸೀಟಿನ ಹೊಸ ಬೆಲ್ಟಿನ ಕೊನೆಯ ಬೋಲ್ಟನ್ನು ಆಗಷ್ಟೇ ಬಿಗಿದು ಕೈ ಒರೆಸಿಕೊಳ್ಳುತ್ತಿದ್ದ ಮೆಕ್ಯಾನಿಕ್ ಶಿವಮಲ್ಲುವಿಗೆ ಪಿತ್ತ ನೆತ್ತಿಗೇರಿತು. ಸರಿಯಾಗಿ ಕೂರುತ್ತದೋ ಇಲ್ಲವೋ ನೋಡೋಣವೆಂದು ಕಟ್ಟಿದ್ದಷ್ಟೆ. ಮುದುಕಿ ಮುಂದಕ್ಕೆ ಜಗ್ಗಿದಷ್ಟೂ ಬೆಲ್ಟು ಗಕ್ಕನೆ ಹಿಡಿದುಕೊಳ್ಳುತ್ತಿತ್ತು. ಹಿಡಿದುಕೊಳ್ಳಲೆಂದೇ ಅಲ್ಲವೆ ಅದನ್ನು ಹಾಕಿದ್ದು.

ಮಗ ಗುರುಮಲ್ಲಯ್ಯ ಓಡಿ ಬಂದು ಬಿಚ್ಚಿದ. ಮುದುಕಿ ತಡಕಾಡುತ್ತ ಇಳಿದು, ಶೆಡ್ಡಿನ ಮುಂದೆ ಬಿದ್ದಿದ್ದ ಲಾರಿ ಟೈರಿನ ಮೇಲೆ ಕೂತು, ಬೆಲ್ಟು ಹಾದುಹೋಗಿದ್ದ ಜಾಗವನ್ನೆಲ್ಲ ಸೆರಗಿನಿಂದ ಒರೆಸಿಕೊಂಡಳು.

"ಮಲ್ಲು, ಕಿತ್ತಾಕ್ಬುಡಪ್ಪ ಅದ," ಎಂದ ಗುರುಮಲ್ಲಯ್ಯ ಮೆಲ್ಲಗೆ. "ನಾಳೆ ಕೇರಳದ ಬತ್ತೇರಿ ಆಸ್ಪತ್ರೇಲಿ ಅವ್ವನ ಕಣ್ಣಿನ ಪೊರೆ ತೆಗೀತಾರೆ. ಬೆಲ್ಟ್ ಇದ್ರೆ ಹತ್ತಲ್ಲ ಅಂದ್ರೆ ಹತ್ತಲ್ಲ ಅವ್ಳು. ಹಿಂದೆ ಕೂರ್ಸಿದ್ರೆ ಊರು ದಾಟೋಕೆ ಮುಂಚೆ ವಾಂತಿ."

ಕೀಳಬೇಕಂತೆ. ಗುರುಮಲ್ಲಯ್ಯನ ಆ ಫಿಯೆಟ್ಟು ಶಿವಮಲ್ಲುವಿಗಿಂತ ಹದಿನಾಲ್ಕು ವರ್ಷ ಹಿರಿಯದು. ಹಿಂದೆ ಊಟಿಯ ಯಾವನೋ ಎಸ್ಟೇಟಿನವನು ಹಾಕಿಸಿದ್ದ ಬೆಲ್ಟುಗಳನ್ನು ಇಲಿಗಳು ನಾರು ಮಾಡಿದ್ದವು. ಅವನ್ನು ಬಿಚ್ಚಲು ತುಕ್ಕು ಹಿಡಿದ ಬೋಲ್ಟುಗಳಿಗೆ ಎರಡು ದಿನ ಡೀಸೆಲ್ ಕುಡಿಸಿದ್ದ. ಒಂದರ ತಲೆ ಮುರಿದು, ಡ್ರಿಲ್ಲು ಜಾರಿ, ಎಡಗೈ ಹೆಬ್ಬೆರಳು ಸೀಳಿತ್ತು. ಹೊಸ ಬೆಲ್ಟಿಗಾಗಿ ಮೈಸೂರಿಗೆ ಹೋಗಿ ಮೂರು ಅಂಗಡಿಯವರೊಂದಿಗೆ ಜಗಳವಾಡಿ ಬಂದಿದ್ದ. ಅದೆಲ್ಲ ಹಾಳಾಗಿಹೋಗಲಿ. ಹೋದ ತಿಂಗಳು ಕೇರಳದ ಗಡಿಯ ಮದ್ದೂರು ಕಾಡಿನಲ್ಲಿ ಆನೆ ಅಡ್ಡ ಬಂತೆಂದು ಬ್ರೇಕು ತುಳಿದ, ಬೆಲ್ಟಿಲ್ಲದ ಜೀಪೊಂದನ್ನು ಇದೇ ಶೆಡ್ಡಿಗೆ ಎಳೆದು ತಂದವನು ಅವನು. ಮುಂದಿನ ಗಾಜಿನ ಬಿರುಕಿಗೆ ಸಿಕ್ಕಿಕೊಂಡಿದ್ದ ಉದ್ದನೆಯ ಬಿಳಿ ಕೂದಲನ್ನು ಒಂದೊಂದಾಗಿ ಬಿಡಿಸಿದವನೂ ಅವನೇ. ನಾಳೆ ಈ ಮುದುಕಿ ಹೋಗಬೇಕಾದದ್ದೂ ಅದೇ ರಸ್ತೆ.

"ಕೀಳಲ್ಲ ಕಣಣ್ಣ, ಏನಾರ ಮಾಡ್ಕೋ," ಎಂದವನೇ ಅವಳೆದುರು ಕುಕ್ಕರಗಾಲಲ್ಲಿ ಕೂತ. "ಏನವ್ವ ನಿಮ್ ಕಷ್ಟ? ಚುಚ್ತದಾ?"

"ಚುಚ್ಚಿದ್ರೆ ತಡ್ಕತಿದ್ದೆ ಕಣ್ಲಾ. ನಿಮ್ಮ ದೊಡ್ಡಪ್ಪ ಶಾಂತಮಲ್ಲಪ್ಪ ಸತ್ತಾಗ ಗೋಡೆಗೆ ಒರಗಿಸಿ ಕೂರ್ಸಿ, ಪಂಚೆ ಬಿಗಿದೋನು ಯಾರು?"

"ನಾನೇ."

"ಹೆಂಗೆ ಬಿಗಿದೆ? ಈ ಭುಜದಿಂದ ಈ ಸೊಂಟಕ್ಕೆ ತಾನೆ?" ಮುದುಕಿ ಎಡ ಭುಜದಿಂದ ಬಲ ಸೊಂಟದವರೆಗೆ ಎದೆಯ ಮೇಲೆ ಬೆರಳಿನಿಂದ ಗೆರೆ ಎಳೆದಳು. "ಈಗ ನನಗೂ ಅದ್ನೇ ಮಾಡಿದೀಯ. ಕಣ್ಣು ಕಾಣ್ದಿದ್ರೂ ಮೈಗೆ ಗೊತ್ತಾಯ್ತದೆ."

ಅವರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ, ವಾಲಬಾರದೆಂದು ಬಿಗಿಯುತ್ತಾರೆ. ದೊಡ್ಡಪ್ಪನಿಗೆ ಶಿವಮಲ್ಲು ಕಟ್ಟಿದ ಪಂಚೆಗೂ ಈ ಬೆಲ್ಟಿಗೂ ಒಂದು ಗೇಣಿನಷ್ಟೂ ವ್ಯತ್ಯಾಸವಿರಲಿಲ್ಲ, ಗಂಟು ಬಂದ ಜಾಗವೂ ಅದೇ. ಕಾನೂನು, ಕೇರಳದ ಪೊಲೀಸು, ಆನೆ ಅಂತ ಹೇಳಲು ಹೊರಟಿದ್ದು ಯಾವುದೂ ಇದಕ್ಕೆ ಉತ್ತರವಾಗಿರಲಿಲ್ಲ. ಉತ್ತರ ಸಿಗದಿದ್ದರೆ ಅವನಿಗೆ ಬರುವುದು ಸಿಟ್ಟೊಂದೇ. ಏಳನೇ ಕ್ಲಾಸಿನಲ್ಲಿ ಹಾಗೆ ಸಿಟ್ಟು ಬಂದೇ ಇಸ್ಕೂಲು ಬಿಟ್ಟವನು.

ದಡದಡ ಹೋಗಿ ಅದೇ ಸೀಟಿನಲ್ಲಿ ಕೂತು, ಬೆಲ್ಟು ಎಳೆದು ಸಿಕ್ಕಿಸಿಕೊಂಡ. "ಬನ್ನಿ ಅವ್ವ ಇಲ್ಲಿ. ಮುಟ್ಟಿ ನೋಡಿ. ನಾನು ಹೆಣವಾ?"

ಮುದುಕಿ ಎದ್ದು ಬಂದಳು. ಭುಜ ಸವರಿದಳು, ಎದೆ ಸವರಿದಳು, ಕೊನೆಗೆ ಮೂಗಿನ ಹತ್ತಿರ ಕೈ ಹಿಡಿದು ಬುಸುಗುಟ್ಟುತ್ತಿದ್ದ ಉಸಿರನ್ನೂ ಪರೀಕ್ಷಿಸಿದಳು. "ನಿಮ್ಮ ದೊಡ್ಡಪ್ಪನೂ ಹಿಂಗೇ ಸಿಟ್ಟು ಮಾಡೋನು," ಅಂದಳು. "ಕಟ್ಟಿದ್ಮೇಲೇ ಸುಮ್ಮನಾಗಿದ್ದು."

ಗುರುಮಲ್ಲಯ್ಯ ಆಚೆ ತಿರುಗಿ ಟೈರಿನ ಗಾಳಿ ನೋಡುವವನಂತೆ ಬಗ್ಗಿದ. ಅವನ ಹೆಗಲು ಕುಣಿಯುತ್ತಿತ್ತು.

"ನಗಬ್ಯಾಡ ಕಣಣ್ಣ," ಎಂದು ಶಿವಮಲ್ಲು ಗದರಿ, ಮುದುಕಿಯ ಕಡೆ ತಿರುಗಿದ. "ಅವ್ವ, ನಮ್ಮ ದೊಡ್ಡಪ್ಪ ತಾನೇ ಬಿಚ್ಕಂಡು ಎದ್ದು ಬರೋಕಾಯ್ತಿತ್ತಾ? ಹೆಬ್ಬೆಟ್ಟು ಕೊಡಿ ಇತ್ತಗೆ."

ಅವಳ ಹೆಬ್ಬೆರಳನ್ನು ತನ್ನ ಸೊಂಟದ ಬಳಿ ಇದ್ದ ಕೆಂಪು ಬಟನ್ನಿನ ಮೇಲಿಟ್ಟು ಒತ್ತಿದ. ಟಕ್. ಬೆಲ್ಟು ಅವನೆದೆಯ ಮೇಲಿಂದ ಸರ್ರನೆ ಓಡಿ ತನ್ನ ಗೂಡು ಸೇರಿತು. ಮುದುಕಿ ಬೆಲ್ಟು ಬಿಟ್ಟುಹೋದ ಅವನೆದೆಯನ್ನು ಮತ್ತೊಮ್ಮೆ ಸವರಿದಳು.

"ಇನ್ನೊಂದ್ಸಲ ಕಟ್ಕೋ."

ಕಟ್ಟಿಕೊಂಡ. ಟಕ್. ಮತ್ತೆ ಕಟ್ಟಿಕೊಳ್ಳಲು ಹೇಳಿದಳು. ಆರನೇ ಸಲಕ್ಕೆ ಶಿವಮಲ್ಲುವಿಗೇ ಸಾಕಾಯಿತು. "ಏಳು, ಜಾಗ ಬುಡು," ಎಂದು ಮುದುಕಿ ಅವನನ್ನೆಬ್ಬಿಸಿ ತಾನೇ ಕೂತಳು.

"ಮೆಲ್ಲಗೆ ಬಗ್ಗಿದ್ರೆ ಬುಡ್ತದೆ. ಜಗ್ಗಿದ್ರೆ ಹಿಡೀತದೆ," ಎಂದು ಅವನು ಬೆಲ್ಟು ಸಿಕ್ಕಿಸಿದ. ಅವಳು ಮೆಲ್ಲಗೆ ಬಗ್ಗಿ ನೋಡಿದಳು. ಜಗ್ಗಿಯೂ ನೋಡಿದಳು.

"ನಮ್ಮತ್ತೆ ಇದ್ದಂಗೇ ಅದೆ."

ಆಮೇಲೆ ಯಾರ ಕೈಯನ್ನೂ ಹತ್ತಿರ ಬಿಟ್ಟುಕೊಳ್ಳದೆ ತಾನೇ ಬಿಚ್ಚಿದಳು, ತಾನೇ ತಡಕಿ ಕಟ್ಟಿಕೊಂಡಳು. ಬೆನ್ನು ಒರಗಿಸಿ, ಸೆರಗು ಸರಿಮಾಡಿಕೊಂಡು, ಬಾಗಿಲು ಹಾಕಲು ಬಂದ ಮಗನ ಮುಂಗೈ ಹಿಡಿದಳು.

"ಗುರು, ನಾ ಸತ್ತಾಗ್ಲೂ ಪಂಚೆ ಗಿಂಚೆ ಬ್ಯಾಡ, ಇದ್ನೇ ಕಟ್ಟಿ. ಬಟನ್ನು ಮಾತ್ರ ಬಲಗೈಗೆ ಸಿಗಂಗಿರ್ಲಿ."