ಹಿಂಬಾಗಿಲಿನ ಕಂತುಗಳು

ಗಂಡನ ಸ್ಕೂಟರಿನ ಸದ್ದು ತಿರುವಿನಲ್ಲಿ ಅಡಗುವವರೆಗೂ ಬರ್ತಾ ಫೋನು ಮುಟ್ಟಲಿಲ್ಲ. ಅಡಗಿದ್ದೇ ತಡ, ಹೊಲಿಗೆ ಯಂತ್ರ ಬಿಟ್ಟು ಎದ್ದಳು. ಹೊಸ ಕಂತು ಬಂದಿತ್ತು.

‘ತುಂಬೆಮನೆ’ ಧಾರಾವಾಹಿ ಟಿ.ವಿ.ಯಲ್ಲಿ ಮುಗಿದು ವರ್ಷವಾಗಿತ್ತು. ಒಲ್ಲದ ಮದುವೆ ಬೇಡವೆಂದ ಮಗಳು ಕಾದಂಬಿನಿಯನ್ನು ಅಪ್ಪ ಹೊರದಬ್ಬುತ್ತಾನೆ, ಅವಳು ಹೊಳೆಗೆ ಹಾರುತ್ತಾಳೆ, ಶುಭಂ. ಎಂಥ ಶುಭವೋ ದೇವರೇ ಬಲ್ಲ. ನೋಡುಗರು ಸಿಟ್ಟಾದರು. ಕೆಲವರು ಕಥೆಯನ್ನು ತಾವೇ ಮುಂದುವರಿಸಿ ಒಂದು ಆ್ಯಪಿನಲ್ಲಿ ಹಾಕತೊಡಗಿದರು. ಒಬ್ಬರು ಕಾದಂಬಿನಿಯನ್ನು ಪೊಲೀಸ್ ಅಧಿಕಾರಿ ಮಾಡಿದರು, ಇನ್ನೊಬ್ಬರು ದೆವ್ವ ಮಾಡಿದರು. ‘ಹಿಂಬಾಗಿಲು’ ಎಂಬ ಹೆಸರಿನಲ್ಲಿ ಬರೆಯುವವರು ಮಾತ್ರ ಅವಳನ್ನು ನೀರಿನಿಂದ ಎತ್ತಿ, ಬದುಕಿಸಿ, ಮನೆಯ ಕಡೆಗೆ ನಡೆಸುತ್ತಿದ್ದರು.

ಬರ್ತಾಳ ಮಗಳು ಲೀನಾ ಮನೆ ಬಿಟ್ಟು ಎರಡು ವರ್ಷ. ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಕಾಪುವಿನ ಅರ್ಧ ಊರು ಸೇರುವುದಿತ್ತು. ಆ ಬೆಳಿಗ್ಗೆ ಲೀನಾ ಮದುವೆ ಬೇಡವೆಂದಳು. “ಹೊರಗೆ ಕಾಲಿಟ್ಟರೆ ನನ್ನ ಪಾಲಿಗೆ ನೀನು ಸತ್ತ ಹಾಗೆ” ಎಂದ ಅಪ್ಪ ರೊಸಾರಿಯೊ. ಲೀನಾ ಹಿಂಬಾಗಿಲಿನಿಂದ ಹೋದವಳು ತಿರುಗಿ ನೋಡಲಿಲ್ಲ. ಫೋನ್ ನಂಬರು ಬದಲಾಯಿತು. ಪರ್ಕಳದಲ್ಲಿ ಕಂಡ ಹಾಗಾಯಿತೆಂದು ನೆರೆಮನೆಯ ಕಜೆಟನ್ ಹೇಳಿದ್ದೇ ತಡ, ಬರ್ತಾ ಅಲ್ಲಿಯ ಬಾಡಿಗೆ ಕೋಣೆಗಳ ಬಾಗಿಲನ್ನೆಲ್ಲ ತಟ್ಟಿ ಬಂದಳು. ಸಿಕ್ಕಿದ್ದು ಅಪರಿಚಿತ ಮುಖಗಳು. ಮನೆಯಲ್ಲಿ ಲೀನಾಳ ಹೆಸರೆತ್ತುವಂತಿರಲಿಲ್ಲ. ಎತ್ತಿದರೆ ರೊಸಾರಿಯೊ ಊಟದಿಂದ ಎದ್ದು ಹೋಗುತ್ತಿದ್ದ. ಬರ್ತಾಳಿಗೆ ಮರೆವು ಬೇರೆ ಹೆಚ್ಚಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಎಷ್ಟೋ ಸಲ ಹಿಂಬಾಗಿಲಿಗೆ ಅಗುಳಿ ಹಾಕಿಯೇ ಇರುತ್ತಿರಲಿಲ್ಲ.

‘ತುಂಬೆಮನೆ’ಯನ್ನು ತಾಯಿ ಮಗಳು ಒಟ್ಟಿಗೆ ಕೂತು ನೋಡುತ್ತಿದ್ದರು. ರೊಸಾರಿಯೊ ಪೇಪರಿನ ಹಿಂದೆ ಮುಖ ಮರೆಸಿಕೊಂಡು ಗೊಣಗುತ್ತಿದ್ದ. ಮಗಳ ನೆನಪು ತಡೆಯಲಾರದೆಯೇ ಬರ್ತಾ ಆ ಆ್ಯಪಿಗೆ ಹೊಕ್ಕಿದ್ದು. ಹಿಂಬಾಗಿಲಿನ ಕಂತೊಂದನ್ನು ಓದುತ್ತಿದ್ದವಳು ಒಂದು ಸಾಲಿಗೆ ಬಂದು ತಡೆದಳು. ಕಾದಂಬಿನಿಯ ತಾಯಿ ಸಿಟ್ಟು ಬಂದಾಗ ಕತ್ತರಿ ಬದಿಗಿಟ್ಟು ಹಲ್ಲಿನಿಂದ ದಾರ ಕಡಿಯುತ್ತಾಳೆ. ಟಿ.ವಿ.ಯ ಆ ತಾಯಿ ಜಮೀನ್ದಾರರ ಹೆಂಡತಿ, ಸೂಜಿ ಮುಟ್ಟಿದವಳಲ್ಲ. ಹಲ್ಲಿನಿಂದ ದಾರ ಕಡಿಯುವವಳು ಬರ್ತಾ. ಮುಂದಿನ ಕಂತಿನಲ್ಲಿ, ಮೇಲಕ್ಕೆತ್ತಿ ತಳ್ಳಿದರೆ ಮಾತ್ರ ತೆರೆಯುವ ಬಾಗಿಲು. ಅದೂ ಅವಳ ಮನೆಯದೇ.

ಬರೆಯುತ್ತಿರುವವಳು ತನ್ನ ಮಗಳೇ. ಬರ್ತಾಳಿಗೆ ಲವಲೇಶವೂ ಅನುಮಾನ ಉಳಿಯಲಿಲ್ಲ.

ಆ ಕಥೆಯಲ್ಲಿ ಅಪ್ಪ ಪಂಪ್‌ಶೆಡ್ಡಿನಲ್ಲಿ ಕೂತು ಯಾರಿಗೂ ಕಾಣದ ಹಾಗೆ ಅಳುತ್ತಿದ್ದ. ಅದನ್ನು ಬರ್ತಾ ಎರಡೆರಡು ಸಲ ಓದಿದಳು. ಪಾಪದ ಹುಡುಗಿ, ತನ್ನ ಪಪ್ಪ ಹೀಗಿದ್ದಿದ್ದರೆ ಎಂದು ಆಸೆಪಡುತ್ತಿದ್ದಾಳೆ. ಆ ಕಲ್ಲಿನಂಥ ಮನುಷ್ಯ ಅಳುವುದುಂಟೇ?

ನೇರವಾಗಿ ಹೆಸರು ಹಿಡಿದು ಕರೆದರೆ ಮಗಳು ಹೆದರಿ ಬರೆಯುವುದನ್ನೇ ಬಿಟ್ಟಾಳು. ಅದಕ್ಕೇ ಬರ್ತಾ ‘ಗುಳ್ಳ’ ಎಂಬ ಹೆಸರಿಟ್ಟುಕೊಂಡು ಓದುಗರ ಸಾಲಿಗೆ ಸೇರಿದಳು. ಮಟ್ಟುಗುಳ್ಳ ಬದನೆಯ ಹಾಗೆ ಉರುಟುರುಟಾಗಿದ್ದ ಲೀನಾಳನ್ನು ಚಿಕ್ಕಂದಿನಲ್ಲಿ ಮನೆಯೊಳಗೆ ಕರೆಯುತ್ತಿದ್ದ ಹೆಸರದು, ಹೊರಗಿನವರಿಗೆ ಗೊತ್ತಿಲ್ಲ. ಬರೆದವಳಿಗೆ ಅರ್ಥವಾದರೆ ಸಾಕು.

‘ಇದನ್ನೆಲ್ಲ ಯಾಕೆ ಬರೆಯುತ್ತೀರಿ?’ ಎಂದು ಆ್ಯಪಿನಲ್ಲೇ ಸಂದೇಶ ಕಳಿಸಿ ಕೇಳಿದಳು.

ಉತ್ತರ ಬಂತು. ‘ಅವರು ಮುಗಿಸಿದ ಹಾಗೆ ಮುಗಿಯಬಾರದು, ಅದಕ್ಕೆ. ಬರೆದು ನಾನೇ ಇಟ್ಟುಕೊಂಡರೆ ಎಂತ ಪ್ರಯೋಜನ? ಎಲ್ಲರ ಎದುರು ಹಾಕಿದರೆ ಓದಬೇಕಾದವರು ಓದಿಯಾರು. ನಿಮ್ಮ ಹೆಸರು ನೋಡಿ ಜೀವ ಬಂತು.’

ಅರ್ಥವಾಗಿದೆ. ಬರ್ತಾ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಂದಿನಿಂದ ಅವಳ ದಿನಗಳು ಕಂತಿನಿಂದ ಕಂತಿಗೆ ನಡೆದವು.

“ಯಾವಾಗ ನೋಡಿದರೂ ಫೋನು. ಎಂತ ಉಂಟು ಅದರಲ್ಲಿ?” ಎಂದು ರೊಸಾರಿಯೊ ಒಮ್ಮೆ ಕೇಳಿದ.

“ಬ್ಲೌಸಿನ ಡಿಸೈನು. ನಿಮ್ಮದರಲ್ಲಿ ಎಂತ ಉಂಟು?”

“ವೈರಿನ ರೇಟು.”

ಅವನಿಗೆ ಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಮಾತು ಅಲ್ಲಿಗೇ ಮುಗಿಯಿತು.

ಈ ಬೆಳಿಗ್ಗೆ ಬಂದ ಕಂತಿನಲ್ಲಿ ಕಾದಂಬಿನಿ ಮನೆಯ ಗೇಟಿನ ಮುಂದೆ ನಿಂತಿದ್ದಳು. ಕೆಳಗೆ ಮೂರು ಸಾಲು: ‘ಇಲ್ಲಿಯವರೆಗೆ ಕರೆದುಕೊಂಡು ಬಂದೆ. ಒಳಗೆ ಬರುವುದು ನನ್ನ ಕೈಯಲ್ಲಿಲ್ಲ. ಇದೇ ಕೊನೆಯ ಕಂತು.’

ಬರ್ತಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈ ಒಂದು ಎಳೆಯೂ ಕಡಿದರೆ ಮಗಳನ್ನು ಇನ್ನೆಲ್ಲಿ ಹುಡುಕುವುದು? ‘ನಿಲ್ಲಿಸಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಒಮ್ಮೆ ಮುಖ ನೋಡಬೇಕು. ಎಲ್ಲಿಗೆ ಹೇಳಿದರೂ ಬರುತ್ತೇನೆ’ ಎಂದು ಬರೆದಳು.

ಸಂಜೆ ಉತ್ತರ ಬಂತು. ‘ಶನಿವಾರ ಹನ್ನೊಂದು ಗಂಟೆಗೆ ಕಾರ್ಕಳ ಬಸ್ ಸ್ಟ್ಯಾಂಡ್. ಕಾಪುವಿನವರ ಕಣ್ಣಿಗೆ ಬೀಳುವುದು ಬೇಡ.’

ಕಾಪು. ಇನ್ನೇನು ಸಾಕ್ಷಿ ಬೇಕು?

ಶನಿವಾರ ಮಣಿಪಾಲದ ಹಾಸ್ಟೆಲೊಂದರ ವೈರಿಂಗ್ ಕೆಲಸಕ್ಕೆಂದು ರೊಸಾರಿಯೊ ಬೇಗನೆ ಹೊರಟದ್ದು ಅವಳ ಪುಣ್ಯ. ಲೀನಾಳ ಹಳೆಯ ಅಳತೆಗೆ ಹೊಲಿದಿಟ್ಟಿದ್ದ ಚೂಡಿದಾರವನ್ನು ಚೀಲಕ್ಕೆ ಹಾಕಿಕೊಂಡು ಉಡುಪಿಗೆ ಬಂದು ಬಸ್ಸು ಬದಲಿಸಿದಳು. ಹುಡುಗಿ ಬಡಕಲಾಗಿದ್ದರೆ ಬದಿಯ ಹೊಲಿಗೆ ಬಿಗಿ ಮಾಡಬೇಕಾದೀತು ಎಂದು ದಾರಿಯುದ್ದಕ್ಕೂ ಅದೇ ಯೋಚನೆ.

ಕಾರ್ಕಳದಲ್ಲಿ ಬಸ್ಸಿನಿಂದ ಇಳಿಯುವ ಒಬ್ಬೊಬ್ಬ ಹುಡುಗಿಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಯಾರೂ ಅಲ್ಲ. ಬೆಂಚುಗಳ ಕಡೆ ತಿರುಗಿದಳು.

ರೊಸಾರಿಯೊ ಕೂತಿದ್ದ. ನುಣ್ಣಗೆ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಬರುವ ಬಸ್ಸುಗಳನ್ನೇ ನೋಡುತ್ತಿದ್ದ.

ತನ್ನ ಫೋನು ತೆರೆದು ಓದಿದ್ದಾನೆ. ಹತ್ತು ಜನರ ಎದುರು ಹುಡುಗಿಯ ಮಾನ ಕಳೆಯಲು ಬಂದಿದ್ದಾನೆ. ಬರ್ತಾ ನಿಂತ ಬಸ್ಸೊಂದರ ಮರೆಗೆ ಓಡಿ, ಅವನಿಗೆ ಬೆನ್ನು ತಿರುಗಿಸಿ, ಹಿಂಬಾಗಿಲಿಗೆ ಬರೆದಳು: ‘ಬರಬೇಡ ಮಗಾ. ಪಪ್ಪ ಇಲ್ಲಿ ಬಂದು ಕೂತಿದ್ದಾರೆ. ನೀನು ಎಲ್ಲಿಯಾದರೂ ಸುಖವಾಗಿದ್ದರೆ ಮಮ್ಮಿಗೆ ಅಷ್ಟೇ ಸಾಕು.’

ಮಗಳ ಮುಖ ನೋಡುವ ಕೊನೆಯ ಅವಕಾಶವನ್ನು ಅವಳು ತನ್ನ ಕೈಯಾರೆ ಕಳೆದುಕೊಂಡಿದ್ದಳು. ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಉತ್ತರ ಬಂತು.

‘ಬರ್ತಾ, ಇದು ನೀನಾ? ನಾನು ಇಷ್ಟು ದಿವಸ ಲೀನಾ ಅಂತ ಎಣಿಸಿದ್ದೆ.’